ವಚನವಿಮರ್ಶೆಯಲ್ಲಿ ಕ್ರಮಭಂಗಪರೀಕ್ಷೆ

ಗಣಕಯಂತ್ರದ ತಂತ್ರಾಂಶವನ್ನು ಶೋಧಿಸುವವರು ತಮ್ಮ ಸ್ವಯಂಚಾಲಿತ ಪರೀಕ್ಷೆಗಳನ್ನು ಒಂದೇ ಕ್ರಮದಲ್ಲಿ ನಡೆಯಿಸದೆ ಯಾದೃಚ್ಛಿಕಕ್ರಮದಲ್ಲಿ ನಡೆಯಿಸುವುದುಂಟು. ಹಿಂದಿನ ಪರೀಕ್ಷೆಯು ಉಳಿಸಿಹೋದ ಶೇಷದ ಬಲದಿಂದ ಮುಂದಿನದು ಗೆಲ್ಲುತ್ತಿದ್ದರೆ, ಕ್ರಮವು ಕದಡಿದಾಗ ಅದು ಸೋಲುವುದು. ಪಾಣಿನೀಯರು ಇದನ್ನು ಅನುವೃತ್ತಿಯೆನ್ನಬಹುದು. ಸೂತ್ರಗಳಲ್ಲಿ ಅದು ಗುಣ, ಇಲ್ಲಿ ದೋಷ.

ಶೂನ್ಯಸಂಪಾದನೆಯನ್ನು ಪಾಠ ಹೇಳುವವರು ಈ ದೋಷಕ್ಕೊಳಗಾಗುತ್ತಿರುವರೆಂದು ನಮ್ಮ ಮತ. ಅಲ್ಲಮ, ಅಕ್ಕಮಹಾದೇವಿಯರು 12ನೆಯ ಶತಮಾನದವರು. ಅವರ ವಚನಗಳನ್ನು ಸಂವಾದರೂಪದಲ್ಲಿ ಮೊದಲು ಪೋಣಿಸಿದ ಶಿವಗಣಪ್ರಸಾದಿ ಮಹಾದೇವಯ್ಯನು 15ನೆಯ ಶತಮಾನದವನು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನು ಪರಿಷ್ಕರಿಸಿದರು. ಆದರೂ ಅಲ್ಲಮನ ವಚನವೊಂದನ್ನು ಅಕ್ಕನಿಗಿತ್ತ ಉತ್ತರವೆಂದು ವಿವರಿಸುವಾಗ, ಆ ಸಂಬಂಧವು ವಚನದೊಳಗೇ ಇದೆಯೋ, ಸಂಪಾದಕನಿತ್ತ ಸ್ಥಾನದಿಂದ ಬಂದುದೋ ಎಂದು ಕೇಳುವವರು ವಿರಳ. ಸಂಪಾದಕರ ಪ್ರತಿಭೆಯನ್ನು ಅಲ್ಲಗಳೆಯುತ್ತಿಲ್ಲ. ಅವರ ಕೃತಿ ಸ್ವತಂತ್ರಕಾವ್ಯವೇ ಸರಿ. ಅದರ ಯಶಸ್ಸನ್ನು ಅಲ್ಲಮನ ಲೆಕ್ಕಕ್ಕೆ ಬರೆಯುವುದು ಮಾತ್ರ ಅನ್ಯಾಯ.

ಅಕ್ಕನ ಪ್ರಸಂಗದ ವಚನಗಳನ್ನು ಬಿಡಿ ಚೀಟಿಗಳಲ್ಲಿ ಬರೆದು, ಕಲಸಿ, ಕಥೆಯರಿಯದ ವಿದ್ಯಾರ್ಥಿಯಿಂದ ಓದಿಸಿರಿ. ಅರ್ಥವು ಕುಸಿದರೆ ವಚನವು ದುರ್ಬಲವೆನ್ನಲಾಗದು, ಮೂಲಸಂದರ್ಭವು ಲೋಪವಾಗಿದ್ದೀತು; ವ್ಯಾಖ್ಯಾನವನ್ನು ಮಾತ್ರ ಮರುವಿಚಾರಿಸಬೇಕು. ಚೀಟಿಗಳು ಬಂದ ಕ್ರಮವನ್ನೂ ಗುರುತಿಟ್ಟುಕೊಳ್ಳತಕ್ಕದ್ದು. ಯಂತ್ರಜ್ಞರು ಪ್ರತಿಸಲದ ಬೀಜಸಂಖ್ಯೆಯನ್ನು ಬರೆದಿಡುವುದು ಸೋತ ಕ್ರಮವನ್ನೇ ಮರಳಿ ನಡೆಯಿಸುವುದಕ್ಕಾಗಿ.