ಮುಚ್ಚಿದ ಗೂಡಿನ ಕೆಂಪು ಚುಕ್ಕಿ

ಅಮೆರಿಕದಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವವರು ಅದರ ಮೇಲೆ ಕೂರಿಸುವ ರೆಡ್ ಡಾಟ್ (ಎಲ್‌ಇಡಿ ಬೆಳಕನ್ನು ಗಾಜಿನಲ್ಲಿ ಕೆಂಪು ಚುಕ್ಕಿಯಾಗಿ ತೋರಿಸುವ ಗುರಿಸಾಧನ) ಆರಿಸುವಾಗ, ಎಲ್‌ಇಡಿಗೂ ಗಾಜಿಗೂ ನಡುವೆ ಏನೆಲ್ಲ ಅಡ್ಡ ಬರಬಲ್ಲದು ಎಂದು ಮೊದಲು ಕೇಳಬೇಕು. ಚುಕ್ಕಿಯ ಗಾತ್ರದ ಚರ್ಚೆ ಆಮೇಲೆ. ತೆರೆದ ಮಾದರಿಯಲ್ಲಿ ಬೆಳಕು ಬಯಲಲ್ಲೇ ಹಾದು, ಮುಂದಿನ ಗಾಜಿಗೆ ತಾಗಿ ಕಣ್ಣಿಗೆ ಮರಳುತ್ತದೆ. ಬಟ್ಟೆಯ ನೂಲೆಳೆಯೋ ಮಳೆಹನಿಯೋ ಎಲ್‌ಇಡಿಯ ಮೇಲೆ ಕೂತರೆ ಚುಕ್ಕಿ ಚದುರುತ್ತದೆ, ಇಲ್ಲವೇ ಮಾಯವಾಗುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 2019ರಲ್ಲಿ ತಂದ ಆಕ್ರೊ ಎಂಬ ರೆಡ್ ಡಾಟ್ ಬೆಳಕಿನ ಆ ದಾರಿಯನ್ನೇ ಎರಡು ಗಾಜುಗಳ ನಡುವೆ ಮುಚ್ಚಿಬಿಟ್ಟಿತು. ಎಷ್ಟು ಅಚ್ಚುಕಟ್ಟಾದ ಯೋಚನೆ! ಅದು ದಪ್ಪ, ಭಾರ ಎಂಬ ಆಕ್ಷೇಪ ನಿಜವೇ. ಆದರೆ ದಿನವಿಡೀ ಅಂಗಿಯಡಿ ಬೆವರು, ಧೂಳಿನಲ್ಲಿರುವ ಉಪಕರಣಕ್ಕೆ ಕೆಲವು ಗ್ರಾಂ ಹೆಚ್ಚಾದರೆ ನಷ್ಟವಿಲ್ಲ. ಹೊರಗಾಜಿನ ಕೊಳೆಯನ್ನು ಬೆರಳಲ್ಲೇ ಒರೆಸಬಹುದು. ಬ್ಯಾಟರಿ ಪಕ್ಕದಲ್ಲೇ ಇರುವುದರಿಂದ, ಅದನ್ನು ಬದಲಿಸಲು ಇಡೀ ಸಾಧನವನ್ನು ಬಿಚ್ಚಿ ಗುರಿಯನ್ನು ಮತ್ತೆ ಹೊಂದಿಸುವ ಕೆಲಸವೂ ಇಲ್ಲ.