ಮರುಭೂಮಿಯ ಕಥೆಯಲ್ಲಿ ಕಾಣದ ಸಂಬಳದಾರ

ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ 'ಆಡುಜೀವಿತಂ' ಪ್ರಕಟವಾದದ್ದು 2008ರಲ್ಲಿ. ಬ್ಲೆಸ್ಸಿ ನಿರ್ದೇಶಿಸಿದ ಅದೇ ಹೆಸರಿನ ಚಿತ್ರ 2024ರ ಮಾರ್ಚ್‌ನಲ್ಲಿ ಕನ್ನಡಕ್ಕೂ ಡಬ್ ಆಗಿ ಬಂತು. ಕೆಲಸ ಹುಡುಕಿ ಸೌದಿ ಅರೇಬಿಯಾಕ್ಕೆ ಹೋದ ನಜೀಬ್ ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಜೀತದಾಳಾಗುವ ಕಥೆ ಅದು. ಕೆಲಸಗಾರನ ಬದುಕನ್ನೇ ಪ್ರಾಯೋಜಕನ ಕೈಗೊಪ್ಪಿಸುವ 'ಕಫಾಲ' ಪದ್ಧತಿಯ ಕರಾಳ ಮುಖವನ್ನು ಅಷ್ಟು ನೇರವಾಗಿ ಎದುರಿಗಿಟ್ಟ ಕೃತಿಗಳು ವಿರಳ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್‌ನಿಂದ ಗಲ್ಫ್‌ಗೆ ಹೋದ ಲೆಕ್ಕಿಗನೋ ಚಾಲಕನೋ ಅಂಗಡಿಯ ಮಾರಾಟಗಾರನೋ ಈ ಕಥೆಯಲ್ಲಿ ತನ್ನನ್ನು ಕಾಣಬಲ್ಲನೆ? ಅವನನ್ನು ಯಾರೂ ಕೂಡಿಹಾಕಿಲ್ಲ. ಸಂಬಳ ತಿಂಗಳು ತಿಂಗಳು ಬರುತ್ತದೆ. ಅವನನ್ನು ಕಟ್ಟಿಹಾಕಿರುವುದು ಲೆಕ್ಕ.

ಆ ಲೆಕ್ಕವನ್ನು ಸ್ವಲ್ಪ ನೋಡೋಣ. ಯುಎಇಯಲ್ಲಿ 2019ರಲ್ಲಿ ಬಂದ ನಿಯಮದಂತೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ, ಅಥವಾ 3,000 ದಿರ್ಹಂ ಜೊತೆಗೆ ವಸತಿ ಬೇಕು. ಬಾಡಿಗೆ ಮತ್ತು ಶಾಲಾ ಶುಲ್ಕ ಬೇರೆ. ಸೌದಿಯಲ್ಲಿ 2017ರ ಜುಲೈನಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್! ಸಾಧಾರಣ ಸಂಬಳದವನು ಏನು ಮಾಡಬೇಕು? ಕುಟುಂಬವನ್ನು ಊರಿಗೆ ಕಳುಹಿಸಿ ಹಂಚಿಕೆಯ ಕೋಣೆಗೆ ಮರಳಬೇಕು. ಬಯಲಿನ ಕಾರ್ಮಿಕರಿಗೆ ಬೇಸಿಗೆಯ ಮಧ್ಯಾಹ್ನ ಬಿಸಿಲಿನಿಂದ ಬಿಡುವು ಕೊಡುವ ಕಾನೂನು ಅಲ್ಲಿದೆ. ಈ ಒಂಟಿತನಕ್ಕೆ ಅಂಥ ಬಿಡುವಿಲ್ಲ.

ಈ ಬದುಕಿಗೆ ಹತ್ತಿರ ಬಂದ ಚಿತ್ರ ಸಲೀಂ ಅಹಮದ್ ಅವರ 'ಪತ್ತೇಮಾರಿ' (2015). ಹಾಯಿಹಡಗಿನಲ್ಲಿ ಗಲ್ಫ್ ಸೇರಿದ ನಾರಾಯಣನ್ (ಮಮ್ಮೂಟ್ಟಿ) ದಶಕಗಳ ಕಾಲ ದುಡಿದು ಊರಿನವರ ಬೇಡಿಕೆಗಳನ್ನು ಪೂರೈಸುತ್ತಾನೆ. ಇಲ್ಲಿ ಖಳನಾಯಕನಿಲ್ಲ. ಅವನನ್ನು ಮತ್ತೆ ಮತ್ತೆ ವಾಪಸ್ ಕಳುಹಿಸುವುದು ಪ್ರೀತಿಯ ಮನೆಯವರ ನಿರೀಕ್ಷೆಯೇ. ಚಿತ್ರ ಕೆಲವೆಡೆ ಕಣ್ಣೀರಿಗೆ ಅಗತ್ಯಕ್ಕಿಂತ ಹೆಚ್ಚು ಒಲಿಯುತ್ತದೆ, ನಾಯಕನನ್ನು ತ್ಯಾಗಮೂರ್ತಿಯಾಗಿಸುವ ಅವಸರವೂ ಅದಕ್ಕಿದೆ. ಆದರೂ ಅದು ಕೇಳುವ ಪ್ರಶ್ನೆ 'ಆಡುಜೀವಿತಂ'ಗಿಂತ ನಮಗೆ ಕಷ್ಟದ್ದು. ನಜೀಬನ ಕಥೆ ನೋಡಿ ದೂರದ ಯಜಮಾನನನ್ನು ಶಪಿಸಿ ನಾವು ಎದ್ದು ಬರಬಹುದು. ನಾರಾಯಣನ್‌ನ ಕಥೆಯಲ್ಲಿ ಆರೋಪಿಯ ಸ್ಥಾನದಲ್ಲಿರುವವರು ನಾವೇ.

ಕನ್ನಡದಲ್ಲಿ ಇಂಥ ಕಥೆ ಬೇಕಿದೆ. ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬೊಳುವಾರು ಕರಾವಳಿಯ ಮುಸ್ಲಿಂ ಬದುಕನ್ನು ಕನ್ನಡಕ್ಕೆ ತಂದರು. ನೆರೆಯ ಹಾಸನದಿಂದ ಬರೆದ ಬಾನು ಮುಷ್ತಾಕ್, 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದವರು, ಒಳನಾಡಿನ ಮನೆಗಳ ಬಾಗಿಲು ತೆರೆದರು. ದಖನಿ ಮಾತನಾಡುವ ತುಮಕೂರು ಸೀಮೆಯ ಮನೆಯಿಂದ ಹೊರಟ ಸಂಬಳದಾರ, ಇಲ್ಲಿ ಒಂಟಿಯಾಗಿ ಮಕ್ಕಳನ್ನು ಬೆಳೆಸುವ ಅವನ ಹೆಂಡತಿ, ಇವರ ಕಥೆಯನ್ನೂ ಅಷ್ಟೇ ನಿಷ್ಠುರವಾಗಿ ಬರೆಯುವವರು ಬೇಕು.

ಇದು ಕೇವಲ ಸಾಹಿತ್ಯದ ಕೊರತೆಯಲ್ಲ. ಕಥೆ ಇಲ್ಲದ ಕಡೆ ವದಂತಿ ಆಳುತ್ತದೆ. ಗಲ್ಫ್ ಎಂದರೆ ಒಂದೋ ನರಕ, ಇಲ್ಲವೇ ಚಿನ್ನದ ಗಣಿ ಎಂದು ನಂಬಿದ ಸಮಾಜ, ರಜೆಗೆ ಬಂದವನ ಮುಂದೆ ತಂಗಿಯ ಮದುವೆಯ ಹಾಲ್, ಮನೆಯ ಎರಡನೇ ಅಂತಸ್ತು, ಸಂಬಂಧಿಕರ ಸಾಲ ಎಲ್ಲವನ್ನೂ ಇಡುತ್ತದೆ. ಸಂಬಳ ಎಷ್ಟು, ಉಳಿತಾಯ ಎಷ್ಟು ಎಂದು ಕೇಳುವುದಿಲ್ಲ. ಹೇಳಲು ಅವನಿಗೂ ನಾಚಿಕೆ. ಕೊನೆಗೆ ಸೇವಾಂತ್ಯದ ಗ್ರಾಚ್ಯುಟಿಯ ಒಂದು ಗಂಟಿನೊಂದಿಗೆ ಮರಳುವವನಿಗೆ ಪಿಂಚಣಿ ಇರುವುದಿಲ್ಲ, ಮಕ್ಕಳ ಬಾಲ್ಯವೂ ಕೈಗೆ ಸಿಗುವುದಿಲ್ಲ. ಆ ಲೆಕ್ಕವನ್ನು ಮನೆಯವರೆಲ್ಲ ಕೂತು ಬಾಯಿಬಿಟ್ಟು ಮಾತನಾಡುವಂತೆ ಮಾಡುವ ಒಂದು ಕನ್ನಡ ಕಥೆ ಬಂದರೆ, ಅದು ಹತ್ತು ಉಪದೇಶಗಳಿಗಿಂತ ಹೆಚ್ಚು ಉಪಕಾರ ಮಾಡೀತು.