ಮೊಳಕೆ ಕಂಡಲ್ಲೆಲ್ಲ ಬಿಯರ್ ಇತ್ತೇ?

ರೊಟ್ಟಿಗಿಂತ ಮೊದಲೇ ಬಿಯರ್ ಹುಟ್ಟಿತು, ಮನುಷ್ಯ ಬೇಸಾಯಕ್ಕಿಳಿದದ್ದೇ ಅದರ ಆಸೆಗೆ ಎಂಬ ವಾದ ಹಳೆಯದು. 1953ರಲ್ಲಿ ಪುರಾತತ್ತ್ವಜ್ಞ ರಾಬರ್ಟ್ ಬ್ರೈಡ್‌ವುಡ್ ಈ ಪ್ರಶ್ನೆಯನ್ನು ವಿದ್ವಾಂಸರ ಚರ್ಚೆಗಿಟ್ಟರು. 2018ರಲ್ಲಿ ಇಸ್ರೇಲಿನ ರಾಕೆಫೆಟ್ ಗುಹೆಯ ಸುಮಾರು 13,000 ವರ್ಷ ಹಳೆಯ ಒರಳುಗಳಲ್ಲಿ ಮೊಳಕೆ ಕಾಳಿನ ಪಿಷ್ಟ, ಹುದುಗಿದ ಕುರುಹು ಸಿಕ್ಕವೆಂದಾಗ ವಾದಕ್ಕೆ ಮತ್ತೆ ಜೀವ ಬಂತು. ಮದ್ದೂರು ಸೀಮೆಯ ಸೋಮನಹಳ್ಳಿಯಲ್ಲಿ ಕೂತು ನೋಡುವವರಿಗೆ ಅದು ಬಿಯರೇ ಎಂಬ ತೀರ್ಮಾನ ಅವಸರದ್ದು ಅನ್ನಿಸದಿರದು.

ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಇಲ್ಲಿ ರಾಗಿ ಸರಿಗೆ ಸಿದ್ಧತೆ. ಕಲ್ಲು ಆರಿಸಿದ ರಾಗಿಯನ್ನು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಾರೆ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬಟ್ಟೆಯ ನೇಯ್ಗೆಯಿಂದ ಹೊರಗಿಣುಕುತ್ತದೆ. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿದರೆ ಹಿಟ್ಟು ತಯಾರು. ಬಾರ್ಲಿಯನ್ನು ಬಿಯರಿಗೆ ಅಣಿಮಾಡುವವರೂ ನೆನೆಸಿ, ಮೊಳೆಸಿ, ಒಣಗಿಸುತ್ತಾರೆ. ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬಿಯರ್ ಮಾಡುವವರಿಗೆ ಬೇಕಾದದ್ದು ಅದರಿಂದ ಬರುವ ಸಕ್ಕರೆ. ತಾಯಿಗೆ ಬೇಕಾದದ್ದು ಬೇರೆ: ಮೊಳಕೆ ಹಿಟ್ಟಿನ ಸರಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಅದೇ ಚಮಚದಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಕಸುವು ಮಗುವಿನ ಹೊಟ್ಟೆ ಸೇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದೇ ಗುಣ ಹಿಡಿದು ಮಕ್ಕಳ ಆಹಾರ ರೂಪಿಸಿದರು. ಇನ್ನು ಹುದುಗುವಿಕೆ: ರಾತ್ರಿ ಕಾಯಿಸಿಟ್ಟು ಬೆಳಗ್ಗೆ ಹುಳಿ ಬಂದ ಅಂಬಲಿಗೆ ಮಜ್ಜಿಗೆ, ಉಪ್ಪು ಬೆರೆಸಿ ಕುಡಿದು ಹೊಲಕ್ಕೆ ಹೋದವರು ಯಾರೂ ಅಮಲಿಗಾಗಿ ಕುಡಿದವರಲ್ಲ.

ರಾಗಿಯ ತವರು ಪೂರ್ವ ಆಫ್ರಿಕಾ. ಉಗಾಂಡದ ತೇಸೋ ಜನ ಅದೇ ಮೊಳಕೆ ರಾಗಿಯಿಂದ ‘ಅಜೋನೊ’ ಎಂಬ ಬಿಯರ್ ಮಾಡಿ, ಮಡಕೆಯ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯ ಆಫ್ರಿಕಾದ ರಾಗಿಗೂ ನಮ್ಮದಕ್ಕೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಅಲ್ಲಿ ಬಿಯರಿಗೆ ಹೋಗುವ ಕಾಳಿನ ವಂಶವೇ ಇಲ್ಲಿ ಮುದ್ದೆಗೆ ಬಂತು. ಕಾಳು ಮೊಳೆತಿತ್ತು ಎಂಬುದಷ್ಟರಿಂದ ಅದು ಯಾವ ಪಾತ್ರೆ ಸೇರಿತೆಂದು ಹೇಳಲಾಗದು.

ಎಲ್ಲ ಪುರಾವೆಯೂ ದುರ್ಬಲವೆಂದಲ್ಲ. ಇರಾನಿನ ಗೋದಿನ್ ತೆಪೆಯಲ್ಲಿ ಸಿಕ್ಕ 5,000 ವರ್ಷಕ್ಕೂ ಹಳೆಯ ಮಡಕೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಗಸಿ ಅಂಟಿತ್ತು. ಬಾರ್ಲಿ ಬಿಯರ್ ಇಟ್ಟ ಪಾತ್ರೆಯಲ್ಲಿ ಕೂರುವ ಗಸಿ ಅದು. ಕ್ರಿ.ಪೂ. 1800ರ ಸುಮಾರಿನ, ಸುಮೇರಿಯನ್ ದೇವತೆ ನಿಂಕಾಸಿಯ ಸ್ತುತಿಯಂತೂ ಮೊಳಕೆಯಿಂದ ಹಿಡಿದು ಸೋಸುವವರೆಗಿನ ಕೆಲಸವನ್ನು ಹಾಡುತ್ತದೆ. ಅವನ್ನು ನಿಸ್ಸಂಕೋಚವಾಗಿ ಒಪ್ಪುತ್ತೇನೆ. ರಾಕೆಫೆಟ್ ಸಂಶೋಧಕರು ಹೋಲಿಕೆಗೆಂದು ತಾವೇ ಬಿಯರ್ ಮಾಡಿ ಪಿಷ್ಟದ ಕಣಗಳನ್ನು ನೋಡಿದರು, ಒಳ್ಳೆಯ ಕ್ರಮ. ಅದೇ ಸೂಕ್ಷ್ಮದರ್ಶಕದ ಕೆಳಗೆ ಮೊಳಕೆ ಹಿಟ್ಟಿನ ಸರಿಯನ್ನೂ ಹುಳಿ ಅಂಬಲಿಯನ್ನೂ ಇಟ್ಟು ವ್ಯತ್ಯಾಸ ತೋರಿಸಿದರೆ, ಆಗ ಅವರ ಬಿಯರನ್ನೂ ಒಪ್ಪೋಣ.